ಕೋಳಿ ಗಟ್ಟಿ, ಸರಿ. ಯಾವ ರೋಗಕ್ಕೆ?

ಹಿಂದಿನ ಸಲ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ "ಬೇಗ ಬೆಳೆಯಲಿ ಅಂತ ತಳಿ ಮಾಡಿದ ಕೋಳಿಗೆ ರೋಗ ತಡೆಯುವ ಶಕ್ತಿ ಕಮ್ಮಿ" ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲು ಹಿಡಿದುಕೊಂಡು ತುಂಬ ಜನ ಬರೆದಿದ್ದಾರೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಖುಷಿ, ಇನ್ನು ಕೆಲವರದ್ದು "ನಾನು ಮೊದಲೇ ಹೇಳಿರಲಿಲ್ವಾ" ಅನ್ನುವ ಧಾಟಿ. ಹಾಗೆ ಒಂದು ಸಾಲಿನಲ್ಲಿ ಮುಗಿಸುವ ಮಾತಲ್ಲ ಅದು, ತಪ್ಪು ನನ್ನದೇ. ಈ ಸಲದ ಅಂಕಣ ಪೂರ್ತಿ ಕೋಳಿಗೆ.

ಪ್ರಶ್ನೆ: ಸರ್, ಬ್ರಾಯ್ಲರ್ ಕೋಳಿಗೆ ರೋಗ ನಿರೋಧಕ ಶಕ್ತಿಯೇ ಇಲ್ಲ, ಔಷಧಿ ನಿಲ್ಲಿಸಿದರೆ ಮರುದಿನವೇ ಸಾಯುತ್ತದೆ ಅಂತಾರಲ್ಲ, ನಿಜವಾ?

ಉತ್ತರ: ಶಕ್ತಿಯೇ ಇಲ್ಲ ಅನ್ನುವುದು ಸುಳ್ಳು. ಶಕ್ತಿಯ ಬಗೆ ಬದಲಾಗಿದೆ ಅನ್ನುವುದು ನಿಜ.

ಮೊದಲು ಕೋಳಿ ಎಷ್ಟು ಬದಲಾಗಿದೆ ಅಂತ ನೋಡೋಣ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಒಂದು ಮಾಂಸದ ತಳಿ, 1978ರ ಇನ್ನೊಂದು ತಳಿ, ಎರಡನ್ನೂ ಯಾವ ಆಯ್ಕೆಯೂ ಮಾಡದೆ ಹಾಗೆಯೇ ಉಳಿಸಿಕೊಂಡು ಬಂದಿದ್ದಾರೆ. ಅವುಗಳ ಪಕ್ಕದಲ್ಲಿ 2005ರ ರಾಸ್ 308 ಅನ್ನುವ ಬ್ರಾಯ್ಲರ್ ತಳಿಯನ್ನು ಇಟ್ಟು, ಮೂರಕ್ಕೂ ಒಂದೇ ಆಹಾರ ಹಾಕಿ ಸಾಕಿದರು. 56ನೇ ದಿನಕ್ಕೆ ತೂಗಿದರೆ 1957ರ ಕೋಳಿ 905 ಗ್ರಾಂ, 1978ರದ್ದು 1808 ಗ್ರಾಂ, 2005ರದ್ದು 4202 ಗ್ರಾಂ. ಆಹಾರ ಒಂದೇ ಆದ್ದರಿಂದ ಈ ವ್ಯತ್ಯಾಸ ಬಂದದ್ದು ತಳಿಯಿಂದಲೇ. ಹಾರ್ಮೋನ್ ಚುಚ್ಚಿದ್ದಕ್ಕೆ ಹೀಗೆ ಬೆಳೆಯುತ್ತದೆ ಅಂತ ಬರೆದಿದ್ದ ನಾಲ್ಕು ಜನರಿಗೂ ಇದೇ ಉತ್ತರ.

ಇನ್ನು ರೋಗದ ವಿಚಾರ. ಅಮೆರಿಕದಲ್ಲೂ 1957ರ ಒಂದು ತಳಿಯನ್ನು ಹೀಗೇ ಕಾಪಾಡಿಕೊಂಡಿದ್ದಾರೆ. ಅದನ್ನು 2001ರ ಬ್ರಾಯ್ಲರ್ ಜೊತೆ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಎರಡೂ ತಳಿಗೆ ಹಳೆಯ ಕಾಲದ ಆಹಾರವನ್ನೂ ಹೊಸ ಕಾಲದ ಆಹಾರವನ್ನೂ ಕೊಟ್ಟು ನೋಡಿದ್ದರು. ಹೊರಗಿನ ವಸ್ತು ಮೈಗೆ ಸೇರಿದಾಗ ಆಂಟಿಬಾಡಿ (ಆ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಜಾಸ್ತಿ ಮಾಡಿದ್ದು ಹಳೇ ಕೋಳಿ. ಆದರೆ ಚರ್ಮಕ್ಕೆ ಕೆಣಕುವ ವಸ್ತು ಚುಚ್ಚಿದಾಗ ಜಾಸ್ತಿ ಊದಿಕೊಂಡದ್ದು ಹೊಸ ಕೋಳಿ. ಈ ಪರೀಕ್ಷೆ ಸರಳ. ರಾಜ್ಮಾ ಕಾಳಿನ ಜಾತಿಯಿಂದ ತೆಗೆದ ಒಂದು ಪ್ರೋಟೀನನ್ನು ಕಾಲ್ಬೆರಳುಗಳ ನಡುವಿನ ತೆಳು ಚರ್ಮಕ್ಕೆ ಚುಚ್ಚುತ್ತಾರೆ, ಒಂದು ದಿನ ಬಿಟ್ಟು ಆ ಜಾಗ ಎಷ್ಟು ದಪ್ಪ ಆಗಿದೆ ಅಂತ ಮೈಕ್ರೋಮೀಟರ್‌ನಲ್ಲಿ ಅಳೆಯುತ್ತಾರೆ.

ಅಂದರೆ ಕೋಳಿಯ ಮೈಯಲ್ಲಿ ಎರಡು ಥರದವರಿದ್ದಾರೆ ಅಂದುಕೊಳ್ಳಿ. ಯಾರು ಬಂದರೂ ಹಿಂದೆ ಮುಂದೆ ನೋಡದೆ ಎರಗುವವರು ಒಂದು ಕಡೆ, ಊತ ಇವರ ಕೆಲಸ. ಬಂದವನ ಮುಖ ನೆನಪಿಟ್ಟುಕೊಂಡು ಮತ್ತೆ ಸಿಕ್ಕಾಗ ಲೆಕ್ಕ ಚುಕ್ತಾ ಮಾಡುವವರು ಇನ್ನೊಂದು ಕಡೆ, ಆಂಟಿಬಾಡಿ ಇವರದ್ದು. ಹೊಸ ಬ್ರಾಯ್ಲರ್‌ನಲ್ಲಿ ಮೊದಲನೆಯವರ ಕೈ ಮೇಲಾಗಿದೆ, ಎರಡನೆಯವರು ಸೊರಗಿದ್ದಾರೆ.

ಪ್ರಶ್ನೆ: ತಿಂದ ಆಹಾರವೆಲ್ಲ ಮಾಂಸಕ್ಕೆ ಹೋದರೆ ರೋಗ ತಡೆಯಲು ಏನೂ ಉಳಿಯುವುದಿಲ್ಲ, ಅದಕ್ಕೇ ಹೀಗೆ ಆಗಿರಬೇಕು ಅಲ್ವಾ?

ಉತ್ತರ: ಎಲ್ಲರೂ ಹೇಳುವ ಕಾರಣ ಇದೇ. ಅರ್ಧ ಸರಿ. ನನಗೆ ಇದರ ಮೇಲೆ ಪೂರ್ತಿ ನಂಬಿಕೆ ಇಲ್ಲ, ಯಾಕೆ ಅಂತ ಹೇಳುತ್ತೇನೆ.

ಆಂಟಿಬಾಡಿ ಮಾಡುವುದಕ್ಕೆ ಕೋಳಿಗೆ ಅಂಥಾ ಖರ್ಚೇನೂ ಬರುವುದಿಲ್ಲ. ನಿಜವಾದ ಖರ್ಚು ಇರುವುದು ಜ್ವರ ಮತ್ತು ಊತದಲ್ಲಿ. ಜ್ವರ ಬಂದ ಕೋಳಿ ಗರಿ ಕೆದರಿಕೊಂಡು ಮೂಲೆ ಹಿಡಿಯುತ್ತದೆ, ಆಹಾರ ಮುಟ್ಟುವುದಿಲ್ಲ, ಎದೆಯ ಮಾಂಸದ ಪ್ರೋಟೀನ್ ಕರಗಿ ಲಿವರ್ ಕಡೆಗೆ ಹೋಗುತ್ತದೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹಾಗಿದ್ದ ಮೇಲೆ, ಖರ್ಚು ಉಳಿಸುವುದೇ ಕಾರಣ ಆಗಿದ್ದರೆ ಹೊಸ ಬ್ರಾಯ್ಲರ್‌ನಲ್ಲಿ ದುಬಾರಿಯಾದ ಊತ ಕಮ್ಮಿಯಾಗಿ ಅಗ್ಗದ ಆಂಟಿಬಾಡಿ ಉಳಿಯಬೇಕಿತ್ತು. ಆದದ್ದು ಉಲ್ಟಾ. ಹಾಗಾಗಿ ಬೇರೆ ಕಾರಣಗಳೂ ಸೇರಿಕೊಂಡಿರಬೇಕು. ಒಂದೇ ಜೀನ್ ಎರಡು ಕೆಲಸ ಮಾಡುತ್ತಿರಬಹುದು. ಬೆಳವಣಿಗೆಯ ಜೀನ್ ಪಕ್ಕದಲ್ಲೇ ಇದ್ದ ಇನ್ನೊಂದು ಜೀನ್ ಅದರ ಜೊತೆಗೇ ಬಂದುಬಿಟ್ಟಿರಬಹುದು.

ಆದರೂ ಒಟ್ಟು ದಿಕ್ಕು ಸ್ಪಷ್ಟವಾಗಿದೆ. ಕೋಳಿ ತಳಿ ಆಯ್ಕೆಯ ಮೇಲೆ ಬಂದಿದ್ದ ಹಲವು ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಲೆಕ್ಕ ನೋಡಿದ ಒಂದು ವಿಶ್ಲೇಷಣೆ 2011ರಲ್ಲಿ ಬಂತು. ಬೆಳವಣಿಗೆಗಾಗಿ ಆರಿಸಿದರೆ ರೋಗ ನಿರೋಧಕ ಶಕ್ತಿಗೆ ಪೆಟ್ಟು ಬೀಳುತ್ತದೆ ಅಂತ ಅದರಲ್ಲಿ ಕಂಡಿತು. ಕುತೂಹಲ ಇರುವುದು ಇದರ ಆಚೆ. ರೋಗ ನಿರೋಧಕ ಶಕ್ತಿಗಾಗಿ ಆರಿಸಿದಾಗ ಬೆಳವಣಿಗೆ ಕುಂಠಿತ ಆಗಲೇಬೇಕು ಅಂತೇನೂ ಕಾಣಲಿಲ್ಲ. ಕೆಲವು ಪ್ರಯೋಗದಲ್ಲಿ ಆಗಿದೆ, ಕೆಲವದರಲ್ಲಿ ಇಲ್ಲ.

ಪ್ರಶ್ನೆ: ಹಾಗಾದರೆ ರೋಗ ತಡೆಯುವ ಕೋಳಿಗಳನ್ನೇ ಆರಿಸಿ ತಳಿ ಮಾಡಿದರೆ ಮುಗಿಯಿತಲ್ಲ? ಇಷ್ಟು ವರ್ಷ ಯಾಕೆ ಯಾರೂ ಮಾಡಿಲ್ಲ?

ಉತ್ತರ: ಮಾಡಿದ್ದಾರೆ! ಬಂದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಇದರ ಉತ್ತರ ಯಾರೂ ಅಂದುಕೊಂಡ ಹಾಗಿಲ್ಲ.

ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಪಾಲ್ ಸೀಗಲ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಲೆಗ್‌ಹಾರ್ನ್ ಅನ್ನುವ ಮೊಟ್ಟೆ ತಳಿಯ ಕೋಳಿಗಳ ಒಂದೇ ಹಿಂಡಿನಿಂದ ಎರಡು ಸಾಲು, ಅಂದರೆ ಬೇರೆ ಬೇರೆ ವಂಶ, ಶುರುಮಾಡಿದರು. ಒಂದರಲ್ಲಿ ಪ್ರತಿ ತಲೆಮಾರಿನಲ್ಲೂ ಆಂಟಿಬಾಡಿ ಜಾಸ್ತಿ ಮಾಡುವ ಕೋಳಿಗಳನ್ನೇ ಮರಿ ಮಾಡಿಸಲು ಇಟ್ಟುಕೊಳ್ಳುವುದು, ಇನ್ನೊಂದರಲ್ಲಿ ಕಮ್ಮಿ ಮಾಡುವುದನ್ನು. ಅಳೆಯುವುದಕ್ಕೆ ಕುರಿಯ ಕೆಂಪು ರಕ್ತಕಣ. ಕುರಿಯ ರಕ್ತ ಯಾಕೆ ಅಂತೀರಾ? ಅದು ಕೋಳಿಗೆ ರೋಗ ತರುವುದಿಲ್ಲ, ಆದರೆ ಕೋಳಿಯ ಮೈ ಅದನ್ನು ಹೊರಗಿನದು ಅಂತ ಗುರುತಿಸಿಯೇ ಗುರುತಿಸುತ್ತದೆ.

ನಾನು ಓದುವಾಗ ಈ ಪರೀಕ್ಷೆಯನ್ನು ಕೈಯಾರೆ ಮಾಡಿದ್ದೇನೆ, ನೋಡುವುದಕ್ಕೇ ಚೆಂದ. ಕುರಿಯ ರಕ್ತಕಣ ಚುಚ್ಚಿ ಐದು ದಿನ ಬಿಟ್ಟು ಕೋಳಿಯ ರೆಕ್ಕೆಯ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆಯುತ್ತೀರಿ. ಅದರ ತಿಳಿಯನ್ನು ಪ್ಲಾಸ್ಟಿಕ್ ತಟ್ಟೆಯ ಪುಟಾಣಿ ಕುಳಿಗಳಲ್ಲಿ ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗುತ್ತೀರಿ. ಎರಡರಲ್ಲೊಂದು, ನಾಲ್ಕರಲ್ಲೊಂದು, ಎಂಟರಲ್ಲೊಂದು, ಹೀಗೆ. ಆಮೇಲೆ ಎಲ್ಲದಕ್ಕೂ ಒಂದೊಂದು ಹನಿ ಕುರಿಯ ರಕ್ತಕಣ. ಆಂಟಿಬಾಡಿ ಇರುವ ಕುಳಿಯಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ತೆಳುವಾಗಿ ಹಾಸಿಕೊಳ್ಳುತ್ತವೆ. ಆಂಟಿಬಾಡಿ ಮುಗಿದ ಕುಳಿಯಲ್ಲಿ ಕಣಗಳು ಜಾರಿ ಬಂದು ತಳದ ನಡುವೆ ಅಂಗಿಯ ಗುಂಡಿಯ ಹಾಗೆ ಗುಂಡಗೆ, ಕೆಂಪಗೆ ಕೂರುತ್ತವೆ. ಎಷ್ಟನೇ ಕುಳಿಗೆ ಗುಂಡಿ ಬಂತು ಅಂತ ಎಣಿಸಿದರೆ ಮುಗಿಯಿತು. ಗುಂಡಿ ಬರುವುದು ತಡವಾದಷ್ಟೂ ಆಂಟಿಬಾಡಿ ಜಾಸ್ತಿ. ಕಣ್ಣಿಗೆ ನಿದ್ದೆ ಹತ್ತಿದಾಗ ಏಳನೇ ಕುಳಿಯೋ ಎಂಟನೆಯದೋ ಅಂತ ಜಗಳ ಆಗುವುದೂ ಉಂಟು, ಅದು ಬಿಡಿ.

ತಲೆಮಾರು ಕಳೆದ ಹಾಗೆ ಎರಡು ಸಾಲುಗಳೂ ದೂರ ದೂರ ಹೋದವು. ಆಯ್ಕೆ ಕೆಲಸ ಮಾಡಿತು. ಜೊತೆಗೆ ಯಾರೂ ಕೇಳದ ಒಂದು ಬದಲಾವಣೆಯೂ ಬಂತು. ಆಂಟಿಬಾಡಿ ಜಾಸ್ತಿ ಇರುವ ಕೋಳಿ ತೂಕದಲ್ಲಿ ಹಗುರ, ಕಮ್ಮಿ ಇರುವುದು ಭಾರ. ತೂಕಕ್ಕಾಗಿ ಯಾರೂ ಆರಿಸಿರಲಿಲ್ಲ, ನೆನಪಿಡಿ.

ಇನ್ನು ನಿಜವಾದ ರೋಗ ಕೊಟ್ಟಾಗ ಏನಾಯಿತು? ಆಂಟಿಬಾಡಿ ಜಾಸ್ತಿ ಇರುವ ಸಾಲು ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾವನ್ನು ಚೆನ್ನಾಗಿ ತಡೆಯಿತು. ರಕ್ತಭೇದಿ ತರುವ ಕಾಕ್ಸಿಡಿಯಾವನ್ನೂ ತಡೆಯಿತು. ಗರಿಯಲ್ಲಿ ಸೇರಿಕೊಳ್ಳುವ ಉಣ್ಣಿ ಜಾತಿಯ ಸಣ್ಣ ಹುಳ (ಮೈಟ್) ಕೂಡ ಅದಕ್ಕೆ ಕಮ್ಮಿ ಹತ್ತಿತು. ಆದರೆ ಇ. ಕೋಲಿ ಮತ್ತು ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾ ಕೊಟ್ಟರೆ ಅದೇ ಕೋಳಿ ಸೋತಿತು, "ದುರ್ಬಲ" ಅಂತ ಕರೆಸಿಕೊಂಡಿದ್ದ ಸಾಲು ಅದಕ್ಕಿಂತ ಚೆನ್ನಾಗಿ ತಡೆದುಕೊಂಡಿತು. ಈ ಬ್ಯಾಕ್ಟೀರಿಯಾಗಳನ್ನು ಮೊದಲು ನುಂಗಿ ಮುಗಿಸಬೇಕಾದವರು ಆ ಹಿಂದೆ ಮುಂದೆ ನೋಡದೆ ಎರಗುವವರು. ಆಂಟಿಬಾಡಿಯನ್ನೇ ನೋಡಿ ಆರಿಸುತ್ತಾ ಹೋದಾಗ ಅವರನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ಯಾರಾದರೂ "ಇದು ಗಟ್ಟಿ ತಳಿ" ಅಂದರೆ ನಾನು ಕೇಳುವುದು ಒಂದೇ. ಯಾವ ರೋಗಕ್ಕೆ ಗಟ್ಟಿ? ಉತ್ತರ ಬರದಿದ್ದರೆ ಅದು ಬರೀ ಮಾರಾಟದ ಮಾತು.

ಪ್ರಶ್ನೆ: ಮರೆಕ್ಸ್ ರೋಗಕ್ಕೆ ಗಟ್ಟಿಯಾದ ತಳಿ ಇದೆಯಂತೆ, ಒಂದೇ ಜೀನ್ ಸಾಕಂತೆ. ಹೌದಾ?

ಉತ್ತರ: ಬಹುಮಟ್ಟಿಗೆ ಹೌದು, ಆದರೆ "ಒಂದೇ" ಅನ್ನುವುದನ್ನು ಒಪ್ಪಲಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಂಗೇರಿಯ ಪಶುವೈದ್ಯ ಯೋಜೆಫ್ ಮರೆಕ್ 1907ರಲ್ಲಿ ವಿವರಿಸಿದ ರೋಗ ಇದು, ಬರುವುದು ಒಂದು ಬಗೆಯ ಹರ್ಪಿಸ್ ವೈರಸ್‌ನಿಂದ. ಕೋಳಿ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದಿರುತ್ತದೆ. ಸತ್ತ ಮೇಲೆ ಎರಡೂ ತೊಡೆ ಬಿಡಿಸಿ ನೋಡಿದರೆ ಒಂದು ಕಡೆಯ ನರ ಬಿಳಿ ದಾರದ ಹಾಗೆ ಸಣ್ಣಗೆ ಹೊಳೆಯುತ್ತಿರುತ್ತದೆ, ಇನ್ನೊಂದು ಕಡೆಯದು ಊದಿ, ಹಳದಿ ತಿರುಗಿ, ಮೈಮೇಲಿನ ಅಡ್ಡಗೆರೆಗಳೆಲ್ಲ ಮಾಸಿಹೋಗಿರುತ್ತವೆ. ಒಳಗೆ ಗಡ್ಡೆಗಳೂ ಇರಬಹುದು.

ಕಾರ್ನೆಲ್ ವಿಶ್ವವಿದ್ಯಾಲಯದ ರ‍್ಯಾಂಡಲ್ ಕೋಲ್ 1968ರಲ್ಲಿ ತೋರಿಸಿದ್ದು ಏನೆಂದರೆ, ಒಂದೇ ಹಿಂಡಿನಿಂದ ಶುರುಮಾಡಿ, ಮರೆಕ್ಸ್ ತಡೆಯುವ ಕುಟುಂಬಗಳನ್ನು ಒಂದು ಕಡೆ, ತಡೆಯದವನ್ನು ಇನ್ನೊಂದು ಕಡೆ ಮಾಡಿದರೆ, ಕೆಲವೇ ತಲೆಮಾರಿನಲ್ಲಿ ಒಂದು ಗುಂಪು ಹೆಚ್ಚುಕಡಿಮೆ ಬಚಾವು, ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ಖಾಲಿ. ಆಗಿನ್ನೂ ಮರೆಕ್ಸ್‌ಗೆ ಲಸಿಕೆ ಬಳಕೆಗೆ ಬಂದಿರಲಿಲ್ಲ. ಗಟ್ಟಿ ಗುಂಪಿನಲ್ಲಿ ಇದ್ದದ್ದು ಬಿ21 ಅನ್ನುವ ಜೀನ್ ಕಟ್ಟು ಅಂತ ಆಮೇಲೆ ಗೊತ್ತಾಯಿತು. ಕಟ್ಟು ಅಂದೆ, ಒಂದೇ ಜೀನ್ ಅಲ್ಲ. ಕೋಳಿಯ 16ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿರುವ ಜೀನ್‌ಗಳ ಗುಂಪು ಅದು. ಒಳಗೆ ಸೇರಿದ ವೈರಸ್ಸಿನ ಚೂರುಗಳನ್ನು ಜೀವಕೋಶದ ಹೊರಮೈಗೆ ತಂದು ತೋರಿಸುವ ಕೆಲಸ ಇವುಗಳದ್ದು. ನಮ್ಮ ಮೈಯಲ್ಲಿ ಈ ಕೆಲಸಕ್ಕೆ ತುಂಬ ಜೀನ್‌ಗಳಿವೆ, ಒಂದು ಕೈಕೊಟ್ಟರೆ ಇನ್ನೊಂದು. ಕೋಳಿಯಲ್ಲಿ ಬೆರಳೆಣಿಕೆ. ಹಾಗಾಗಿ ಸರಿಯಾದ ಕಟ್ಟು ಸಿಕ್ಕ ಕೋಳಿ ಗೆಲ್ಲುತ್ತದೆ, ಸಿಗದ ಕೋಳಿ ಸೋಲುತ್ತದೆ. ಮೇಲೆ ಹೇಳಿದ ವರ್ಜೀನಿಯಾದ ಆಂಟಿಬಾಡಿ ಜಾಸ್ತಿ ಇರುವ ಸಾಲಿನಲ್ಲೂ ಇದೇ ಬಿ21 ತುಂಬಿಕೊಂಡಿತ್ತು.

ಒಂದೇ ಜೀನ್ ಸಾಕು ಅನ್ನುವವರಿಗೆ ಮಿಶಿಗನ್‌ನ ಪ್ರಯೋಗಾಲಯದ 6 ಮತ್ತು 7 ಅನ್ನುವ ಎರಡು ಸಾಲುಗಳ ಕಥೆ ಸಾಕು. ಎರಡರಲ್ಲೂ ಈ ಕಟ್ಟು ಒಂದೇ, ಬಿ2. ಆದರೂ 6ನೆಯದು ಮರೆಕ್ಸ್ ತಡೆಯುತ್ತದೆ, 7ನೆಯದು ತಡೆಯುವುದಿಲ್ಲ. ಅಂದರೆ ಬೇರೆ ಜೀನ್‌ಗಳ ಕೈವಾಡವೂ ಇದೆ.

ಪ್ರಶ್ನೆ: ಬ್ರಾಯ್ಲರ್ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತದೆ. ಇದೂ ಶಕ್ತಿ ಕಮ್ಮಿ ಆಗಿದ್ದಕ್ಕೇನಾ?

ಉತ್ತರ: ಅಲ್ಲ. ಅದು ಹೃದಯ, ಶ್ವಾಸಕೋಶದ ಕಥೆ. ಬೇಗ ಬೆಳೆಯುವ ಮೈ ಕೇಳುವಷ್ಟು ಆಮ್ಲಜನಕ ಒದಗಿಸಲು ಹೃದಯದ ಬಲಭಾಗ ಒದ್ದಾಡಿ ಸೋಲುತ್ತದೆ, ನೀರು ಹೊಟ್ಟೆಗೆ ಇಳಿಯುತ್ತದೆ. ತಳಿ ಆಯ್ಕೆಯ ಅಡ್ಡ ಪರಿಣಾಮ ಹೌದು, ರೋಗ ನಿರೋಧಕ ಶಕ್ತಿಗೆ ಸಂಬಂಧ ಇಲ್ಲ.

ಪ್ರಶ್ನೆ: ಮೊಟ್ಟೆ ಕೋಳಿ, ಮಾಂಸದ ಕೋಳಿ ಇವೆರಡರಲ್ಲಿ ಯಾವುದು ಜಾಸ್ತಿ ಗಟ್ಟಿ, ಮೇಡಂ? (ಮೇಡಂ ಅಲ್ಲ, ಸರ್. ಪರವಾಗಿಲ್ಲ.)

ಉತ್ತರ: ಮತ್ತೆ ಅದೇ ಕೇಳುತ್ತೇನೆ, ಯಾವ ರೋಗಕ್ಕೆ? ಮಾಂಸದ ತಳಿಯ ಕೋಳಿ ಆರು ವಾರ ಬದುಕಿದರೆ ಅದರ ಕೆಲಸ ಮುಗಿಯಿತು. ಹಾಗಾಗಿ ಅದರ ಆಂಟಿಬಾಡಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಮೊಟ್ಟೆ ತಳಿ ವರ್ಷಕ್ಕೂ ಮೇಲೆ ಬದುಕಬೇಕು. ಅದರ ಆಂಟಿಬಾಡಿ ತುಂಬ ದಿನ ನಿಲ್ಲುತ್ತದೆ, ರೋಗ ಹಿಡಿದ ಜೀವಕೋಶವನ್ನು ಹುಡುಕಿ ಕೊಲ್ಲುವ ಕಣಗಳೂ ಅದರಲ್ಲಿ ಚುರುಕು.

ಹಾಗಂತ ಮೊಟ್ಟೆ ಕೋಳಿಯೇ ಮೇಲು ಅಂತ ಬರೆದುಕೊಳ್ಳಬೇಡಿ. ಗಂಬೋರೊ ಅನ್ನುವ ವೈರಸ್ ರೋಗ ಬಂದರೆ ಬ್ರಾಯ್ಲರ್‌ಗಿಂತ ಜಾಸ್ತಿ ಸಾಯುವುದು ಲೆಗ್‌ಹಾರ್ನ್ ಥರದ ಮೊಟ್ಟೆ ತಳಿಯೇ. ಈ ವೈರಸ್ ಹೋಗಿ ಕೂರುವುದು ಬರ್ಸಾದಲ್ಲಿ. ಬರ್ಸಾ ಅಂದರೆ ಕೋಳಿಯ ಹಿಂಭಾಗದಲ್ಲಿ, ಹಿಕ್ಕೆ ಹಾಕುವ ದ್ವಾರದ ಮೇಲ್ಗಡೆ ಒಳಗೆ ಇರುವ ಚಿಕ್ಕ ಚೀಲ. ತುಂಬ ಕಾಲ ಅದು ಯಾಕಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ ಮರಿಗಳಿಂದ ಅದನ್ನು ತೆಗೆದು ಪ್ರಯೋಗ ಮಾಡುತ್ತಿದ್ದ. ಆ ಕೋಳಿಗಳನ್ನೇ ಅವನ ಗೆಳೆಯ ತರಗತಿಯಲ್ಲಿ ಆಂಟಿಬಾಡಿ ತೋರಿಸಲು ಎರವಲು ತಗೊಂಡ. ನೋಡಿದರೆ ಬರ್ಸಾ ಇಲ್ಲದ ಕೋಳಿಗಳಲ್ಲಿ ಆಂಟಿಬಾಡಿಯೇ ಬರಲಿಲ್ಲ! 1956ರಲ್ಲಿ ಅದನ್ನು ಪ್ರಕಟಿಸಿದ್ದು ಒಂದು ಕೋಳಿ ಸಾಕಾಣಿಕೆಯ ಪತ್ರಿಕೆಯಲ್ಲಿ, ಅದಕ್ಕೂ ಮೊದಲು ಒಂದು ದೊಡ್ಡ ಪತ್ರಿಕೆ ಬೇಡ ಅಂದಿತ್ತು. ಮನುಷ್ಯರ ರಕ್ತದಲ್ಲೂ ಇರುವ "ಬಿ" ಜೀವಕೋಶದ ಹೆಸರಿನ "ಬಿ" ಬಂದದ್ದು ಇದೇ ಬರ್ಸಾದಿಂದ.

ಪ್ರಶ್ನೆ: ಲಸಿಕೆ ಇದೆಯಲ್ಲ, ತಳಿ ಹೇಗಿದ್ದರೇನು?

ಉತ್ತರ: ಲಸಿಕೆ ಹಾಕಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಸಿಕೆ ಕೆಲಸ ಮಾಡುವುದು ಕೋಳಿಯದೇ ಶಕ್ತಿಯ ಮೂಲಕ. ಒಂದೇ ಲಸಿಕೆ ಒಂದು ತಳಿಗೆ ಚೆನ್ನಾಗಿ ಹತ್ತಿ ಇನ್ನೊಂದಕ್ಕೆ ಅಷ್ಟಾಗಿ ಹತ್ತದೆ ಇರಬಹುದು. ಮರೆಕ್ಸ್ ಲಸಿಕೆಯಂತೂ ಕೋಳಿ ಸಾಯದ ಹಾಗೆ ನೋಡಿಕೊಳ್ಳುತ್ತದೆಯೇ ಹೊರತು ವೈರಸ್ ಒಳಗೆ ಸೇರುವುದನ್ನಾಗಲಿ ಹೊರಗೆ ಬೀಳುವುದನ್ನಾಗಲಿ ತಡೆಯುವುದಿಲ್ಲ. 2015ರಲ್ಲಿ ವಿಜ್ಞಾನಿ ಆಂಡ್ರ್ಯೂ ರೀಡ್ ಅವರ ತಂಡ ತೋರಿಸಿದ್ದು ಇದನ್ನೇ. ತೀರಾ ಭಯಂಕರವಾದ ಮರೆಕ್ಸ್ ವೈರಸ್ ಲಸಿಕೆ ಇಲ್ಲದ ಕೋಳಿಯನ್ನು ಬೇಗ ಕೊಂದು ತಾನೂ ಅಲ್ಲಿಗೇ ಮುಗಿಯುತ್ತದೆ, ಲಸಿಕೆ ಹಾಕಿದ ಕೋಳಿಯಲ್ಲಾದರೆ ವಾರಗಟ್ಟಲೆ ಉಳಿದು ಗರಿ, ಚರ್ಮದ ಹೊಟ್ಟಿನ ಜೊತೆ ಉದುರುತ್ತಾ ಹರಡುತ್ತದೆ. ಹಾಗಾಗಿ ಲಸಿಕೆ ಹಾಕದ ಮರಿಗಳನ್ನು ಲಸಿಕೆ ಹಾಕಿದ ದೊಡ್ಡ ಕೋಳಿಗಳ ಜೊತೆ ಬಿಡಬೇಡಿ.

ಪ್ರಶ್ನೆ: ನಾಟಿ ಕೋಳಿಗೆ ಏನೂ ಬರುವುದಿಲ್ಲ. ನೀವು ಓದಿದವರು ಇದನ್ನು ಯಾಕೆ ಒಪ್ಪುವುದಿಲ್ಲ?

ಉತ್ತರ: ಬರುತ್ತದೆ, ಒಪ್ಪುವುದು ಹೇಗೆ? ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಲಸಿಕೆ ಇಲ್ಲದ ನಾಟಿ ಹಿಂಡೂ ಪೂರ್ತಿ ಖಾಲಿಯಾಗುತ್ತದೆ. ನೀವು ನೋಡುತ್ತಿರುವ ಗಟ್ಟಿ ಹೇಂಟೆಯ ಹಿಂದೆ ಮೊದಲ ವಾರಗಳಲ್ಲೇ ಸತ್ತ ಅದರ ಒಡಹುಟ್ಟುಗಳಿವೆ, ಅವನ್ನು ಯಾರೂ ಎಣಿಸುವುದಿಲ್ಲ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಈಜಿಪ್ಟ್ ಮೂಲದ ಫಯೂಮಿ ತಳಿಯನ್ನು ಲೆಗ್‌ಹಾರ್ನ್ ಜೊತೆ ಇಟ್ಟು ಇದೇ ಕೊಕ್ಕರೆ ರೋಗದ ವೈರಸ್ (ಸೌಮ್ಯ ಬಗೆಯದು) ಕೊಟ್ಟು ನೋಡಿದಾಗ ಫಯೂಮಿ ವೈರಸ್ಸನ್ನು ಬೇಗ ಹೊರಹಾಕಿತು. ಸಾಕುವವರ ಆರೈಕೆ ಕಮ್ಮಿ ಇದ್ದಲ್ಲಿ ರೋಗವೇ ಆಯ್ಕೆ ಮಾಡುತ್ತಾ ಬಂದಿರುತ್ತದೆ.

ಪ್ರಶ್ನೆ: ಹಿಂಡಿಗೆ ಕೆಮ್ಮು, ಗೊರಗೊರ ಬಂದು ಅರ್ಧ ಸತ್ತವು. ಉಳಿದ ಕೋಳಿಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ಗಟ್ಟಿ ತಳಿ ಆಗುತ್ತದೆ ಅಲ್ವಾ?

ಉತ್ತರ: ದಯವಿಟ್ಟು ಸ್ವಲ್ಪ ತಡೆಯಿರಿ. ನಿಮ್ಮ ಲೆಕ್ಕ ಕೇಳಲು ಸರಿಯಾಗಿದೆ, ಆದರೆ ಬದುಕಿದ ಕೋಳಿ ರೋಗವನ್ನು ಗೆದ್ದಿದೆ ಅಂತ ಏನು ಖಾತ್ರಿ? ಅದೃಷ್ಟಕ್ಕೆ ಸೋಂಕು ಕಮ್ಮಿ ತಗುಲಿರಬಹುದು. ಅದಕ್ಕಿಂತ ಕೆಟ್ಟದ್ದು ಅಂದರೆ, ಒಳಗೆ ಇನ್ನೂ ರೋಗಾಣು ಇಟ್ಟುಕೊಂಡೇ ಆರೋಗ್ಯವಾಗಿ ಓಡಾಡುತ್ತಿರಬಹುದು. ನೀವು ಹೇಳಿದ ಲಕ್ಷಣ ಮೈಕೋಪ್ಲಾಸ್ಮಾದ್ದೂ ಆಗಿರಬಹುದು, ಅದು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಹೋಗುತ್ತದೆ. ಗಟ್ಟಿ ತಳಿ ಮಾಡಲು ಹೋಗಿ ರೋಗವನ್ನೇ ಮರಿ ಮಾಡಿಸಿದ ಹಾಗೆ ಆಗುತ್ತದೆ. ಮೊದಲು ಪಶುವೈದ್ಯರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ, ಯಾವ ರೋಗ ಅಂತ ಗೊತ್ತಾದ ಮೇಲೆ ಮುಂದಿನ ಮಾತು. ಇನ್ನೊಂದು ವಿಷಯ, ಕಂಪನಿಯ ಹೈಬ್ರಿಡ್ ಕೋಳಿ ಆಗಿದ್ದರೆ ಅದರ ಮರಿಗಳು ತಾಯಿಯ ಹಾಗೆ ಇರುವುದಿಲ್ಲ. ಅವು ಮೂರು ನಾಲ್ಕು ಸಾಲುಗಳನ್ನು ಬೆರೆಸಿ ಮಾಡಿದವು, ಮುಂದಿನ ತಲೆಮಾರಿನಲ್ಲಿ ಚೆಲ್ಲಾಪಿಲ್ಲಿ ಆಗುತ್ತವೆ.

ಪ್ರಶ್ನೆ: ಐದು ವರ್ಷದಿಂದ ಅದೇ ಹುಂಜ, ಅದರ ಮಕ್ಕಳು, ಮೊಮ್ಮಕ್ಕಳೇ ಹಿಂಡಿನಲ್ಲಿ. ಹೊರಗಿನಿಂದ ಕೋಳಿ ತಂದಿಲ್ಲ, ರೋಗ ಬರಬಾರದು ಅಂತ. ಆದರೂ ಮರಿಗಳು ಈಗೀಗ ಜಾಸ್ತಿ ಸಾಯುತ್ತಿವೆ.

ಉತ್ತರ: ರೋಗ ಬರಬಾರದು ಅಂತ ಬಾಗಿಲು ಹಾಕಿದ್ದು ಸರಿ, ಆದರೆ ಒಳಗೆ ರಕ್ತಸಂಬಂಧದಲ್ಲೇ ಕೂಡಿಕೆ ಆಗುತ್ತಿದೆ. ಮೇಲೆ ಹೇಳಿದ ಜೀನ್ ಕಟ್ಟು ಪ್ರತಿ ಕೋಳಿಗೂ ಎರಡಿರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಬೇರೆ ಬೇರೆ ಇದ್ದರೆ ಜಾಸ್ತಿ ಬಗೆಯ ರೋಗಾಣು ಗುರುತಿಸಬಹುದು. ನಿಮ್ಮ ಹಿಂಡಿನಲ್ಲಿ ಎರಡೂ ಒಂದೇ ಆಗಿರುವ ಮರಿಗಳು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿವೆ, ಒಂದಕ್ಕೆ ಹತ್ತಿದ ರೋಗ ಎಲ್ಲಕ್ಕೂ ಹತ್ತುತ್ತದೆ. ಮರಿಗಳ ಸಾವಿಗೆ ಬೇರೆ ಕಾರಣವೂ ಇರಬಹುದು, ಸತ್ತ ಒಂದೆರಡನ್ನು ಪರೀಕ್ಷೆಗೆ ಕೊಡಿ. ಹುಂಜವನ್ನಂತೂ ಬದಲಾಯಿಸಿ. ಹೊಸ ಹುಂಜ ತಂದ ದಿನವೇ ಹಿಂಡಿಗೆ ಬಿಡಬೇಡಿ. ನಾಲ್ಕು ವಾರ ದೂರದಲ್ಲಿ, ಬೇರೆ ನೀರು ಬೇರೆ ಆಹಾರದ ಪಾತ್ರೆ ಇಟ್ಟು ಸಾಕಿ, ದಿನಾ ಮೊದಲು ಹಿಂಡಿನ ಕೆಲಸ ಮುಗಿಸಿ ಆಮೇಲೆ ಅದರ ಹತ್ತಿರ ಹೋಗಿ. ಹಳೇ ಹುಂಜದ ಗಂಡುಮಕ್ಕಳನ್ನೂ ಮರೆಯದೆ ಬೇರೆ ಮಾಡಿ.